ವಾಸನೆ ತಿಳಿಯದ ಗಿರಾಕಿ

ಮಗಳು ಅತ್ತರಿನ ಅಂಗಡಿಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದು ಹೆಂಡತಿ ಹೇಳಿದಾಗ ನನಗೆ ಮೊದಲು ಬಂದದ್ದು ನಗು. ಮನೆಗೆ ಬಂದವರು ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಹುಡುಗಿ ಅದು. ಆ ಒಂದನ್ನೂ ಇಂಗ್ಲಿಷಿನಲ್ಲಿ ಕೊಟ್ಟು, ನೀರು ತರುವ ನೆಪದಲ್ಲಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದು ಅವರು ಚಪ್ಪಲಿ ಮೆಟ್ಟಿದ ಮೇಲೆಯೇ. ಅಂಥವಳು ಇಲ್ಲಿ ಕುವೈತಿನ ಮಾಲ್‌ನಲ್ಲಿ ನಿಂತು ಹೋಗಿ ಬರುವವರನ್ನೆಲ್ಲ ಮಾತಾಡಿಸಿ ಅತ್ತರು ಮಾರುತ್ತಾಳಂತೆ. "ನಮ್ಮ ಮೂಕಬಸವಿ ವ್ಯಾಪಾರಕ್ಕ ನಿಂತಳಲ್ಲ!" ಎಂದು ಅವಳ ಎದುರಿಗೇ ನಕ್ಕೆ. ಅವಳು ಸಿಟ್ಟಾಗಲಿಲ್ಲ. ಸುಮ್ಮನೆ ನನ್ನನ್ನು ನೋಡಿದಳು.

ಅವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ಹನ್ನೆರಡನೆಯ ತರಗತಿ ಮುಗಿದಿತ್ತು. ಮುಂದಿನದನ್ನು ನಾನು ಯಾರನ್ನೂ ಕೇಳದೆ ಗೊತ್ತುಮಾಡಿಯಾಗಿತ್ತು. ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮನೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಲೇಜು, ಮೂರು ವರ್ಷದ ಡಿಗ್ರಿ. ತಂಗಿ ಒಂದು ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದಳು. ಇದೆಲ್ಲ ನಡೆಯುವಾಗ ಮಗಳು ಕೇಳಿಕೊಂಡದ್ದು ಒಂದೇ. "ಪಪ್ಪಾ, ಒಂದು ಇಂಟರ್‌ವ್ಯೂ ಕೊಡಾಕ ಬಿಡ್ರಿ. ಕೆಲಸ ಸಿಕ್ರ ಇಲ್ಲೇ ಇರ್ತೀನಿ, ಡಿಗ್ರಿ ಕರೆಸ್ಪಾಂಡೆನ್ಸ್ ಮಾಡ್ತೀನಿ. ಸಿಗಲಿಲ್ಲಂದ್ರ ಹುಬ್ಬಳ್ಳಿಗೆ ಹೋಗ್ತೀನಿ. ಅಳಂಗಿಲ್ಲ." ಅಷ್ಟುದ್ದ ಮಾತನ್ನು ಅವಳು ಒಂದೇ ಉಸಿರಿನಲ್ಲಿ, ಅದೂ ಕನ್ನಡದಲ್ಲಿ ಆಡಿದ್ದು ನನಗೆ ನೆನಪಿಲ್ಲ. ಕೆಲಸವಾದರೆ ಅಂಗಡಿಯವರೇ ನನ್ನ ಹೆಸರಿನಲ್ಲಿದ್ದ ಅವಳ ವೀಸಾವನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳುವವರಿದ್ದರು. ಹೆಂಡತಿ ತಕ್ಷಣ ಹೂಂ ಅಂದಳು, ಅವಳಿಗೆ ಮಗಳನ್ನು ಕಳಿಸುವ ಮನಸ್ಸೇ ಇರಲಿಲ್ಲ. ನಾನೂ ಹೂಂ ಅಂದೆ. ನಾನು ಒಪ್ಪಿದ್ದು ಆ ಕೆಲಸ ಅವಳಿಗೆ ಸಿಗುವುದಿಲ್ಲ ಎಂಬ ಖಾತ್ರಿಯಿಂದ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಒಪ್ಪಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಮಗಳಿಗೆ ಇಂಟರ್‌ವ್ಯೂ ಎಂದರೆ ಅಪ್ಪನಾದವನು ನಾಲ್ಕು ಬುದ್ಧಿ ಹೇಳಬೇಕಲ್ಲ. ನನ್ನ ಜೀವನದಲ್ಲಿ ನಾನು ಕೊಟ್ಟದ್ದು ಒಂದೇ ಇಂಟರ್‌ವ್ಯೂ. ಇಪ್ಪತ್ತೆರಡು ವರ್ಷದ ಹಿಂದೆ, ಗದಗಿನ ಕಡೆಯಿಂದ ಮುಂಬೈಗೆ ಹೋಗಿ, ಏಜೆಂಟನ ಆಫೀಸಿನ ಹಿಂದಿನ ಶೆಡ್ಡಿನಲ್ಲಿ. ಸಾಲಾಗಿ ನಿಂತಿದ್ದೆವು. ಕುವೈತಿನಿಂದ ಬಂದಿದ್ದ ಸಾಹೇಬರು ಮೊದಲು ಎರಡೂ ಅಂಗೈ ಚಾಚಲು ಹೇಳಿದರು. ಗಂಟು ಬಿದ್ದ ಅಂಗೈ ಇದ್ದವರು ಈ ಕಡೆ, ಮೆತ್ತಗಿದ್ದವರು ಆ ಕಡೆ. ಆಮೇಲೆ ಒಂದು ವಾಲ್ವ್ ಕೊಟ್ಟು ಬಿಚ್ಚಿ ಜೋಡಿಸಲು ಹೇಳಿದರು. ನಾನು ಜೋಡಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಪಾಸ್‌ಪೋರ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗುರುತು ಬಿತ್ತು. ಆ ಗುರುತೇ ನನ್ನನ್ನು ಈ ದೇಶಕ್ಕೆ ತಂದು, ರಿಫೈನರಿಯ ಫಿಟ್ಟರ್ ಮಾಡಿ, ಮಂಗಫ್‌ನ ಮೂರನೆಯ ಮಹಡಿಯ ಈ ಮನೆಯಲ್ಲಿ ಇಟ್ಟಿದೆ.

ನನಗೆ ಗೊತ್ತಿದ್ದದ್ದು ಇಷ್ಟು, ಅದನ್ನೇ ಹೇಳಿಕೊಡಲು ಕೂತೆ. ಕೂಡು ಅಂದ ಮೇಲೆ ಕೂಡಬೇಕು. ಕೇಳಿದ್ದಕ್ಕೆಲ್ಲ ಯೆಸ್ ಸರ್ ಅನ್ನಬೇಕು, ಬರುವುದಿಲ್ಲ ಎಂಬ ಮಾತು ಬಾಯಿಂದ ಬೀಳಬಾರದು. ಮೈಕೈ ಕೆರೆದುಕೊಳ್ಳಬಾರದು. ಒರಿಜಿನಲ್ ಸರ್ಟಿಫಿಕೇಟು ತೋರಿಸಬೇಕು, ಕೈಬಿಡಬಾರದು. ಅವಳ ಒಂದನೆಯ ತರಗತಿಯ ಅಂಕಪಟ್ಟಿಯಿಂದ ಹಿಡಿದು ಲಸಿಕೆಯ ಕಾರ್ಡಿನವರೆಗೆ ಎಲ್ಲದಕ್ಕೂ ಲ್ಯಾಮಿನೇಷನ್ ಮಾಡಿಸಿ ಒಂದು ಫೈಲ್ ಕಟ್ಟಿದೆ. ಅದರ ತೂಕ ನೋಡಿದರೆ ಕೆಲಸ ಕೇಳಲು ಹೋಗುವವಳೋ ಕೋರ್ಟಿಗೆ ಹೋಗುವವಳೋ ತಿಳಿಯುವಂತಿರಲಿಲ್ಲ.

"ಪಪ್ಪಾ, ಇಟ್ಸ್ ಜಸ್ಟ್ ಅ ಪರ್ಫ್ಯೂಮ್ ಶಾಪ್," ಎಂದಳು ಮಗಳು.

"ಯಾವ ಶಾಪ್ ಆದ್ರೂ ಅಷ್ಟ. ಸಾಹೇಬರು ಸಾಹೇಬರs."

ಅಡುಗೆಮನೆಯಿಂದ ಹೆಂಡತಿ ತಲೆ ಹೊರಹಾಕಿದಳು. "ರೀ, ಆಕಿ ಅತ್ತರ ಮಾರಾಕ ಹೊಂಟಾಳ, ಪೈಪ್ ಜೋಡಸಾಕಲ್ಲ. ನಿಮ್ಮ ಮುಂಬೈ ಪುರಾಣ ಸಾಕ ಮಾಡ್ರಿ."

ನನಗೆ ರೇಗಿತು. ಹಾಗಾದರೆ ಅಲ್ಲಿ ಏನು ಕೇಳುತ್ತಾರೆ ನೀನೇ ಹೇಳು ಎಂದು ಮಗಳ ಮೇಲೆ ಹಾಯ್ದೆ. ಅವಳು ಸಾವಕಾಶವಾಗಿ ಹೇಳಿದಳು. ಅವಳು ಆ ಅಂಗಡಿಗೆ ಮೂರು ಸಲ ಹೋಗಿ, ಏನೂ ಕೊಳ್ಳದೆ, ಒಂದು ಮೂಲೆಯಲ್ಲಿ ನಿಂತು ನೋಡಿ ಬಂದಿದ್ದಳಂತೆ. ಹೊಸಬರು ಬಂದರೆ ಮ್ಯಾನೇಜರು ಕಾಗದದ ಪಟ್ಟಿಗಳನ್ನು ಅತ್ತರಿನಲ್ಲಿ ಅದ್ದಿ ಕೈಗೆ ಕೊಡುತ್ತಾರೆ. ಮೂಸಿ, ಅದರಲ್ಲಿ ಏನೇನಿದೆ, ಯಾವುದು ಮೊದಲು ಬಂದು ಹೋಗುತ್ತದೆ, ಯಾವುದು ಸಂಜೆಯವರೆಗೆ ಉಳಿಯುತ್ತದೆ, ಯಾರಿಗೆ ಹೊಂದುತ್ತದೆ ಎಂದು ಹೇಳಬೇಕು. ಆಮೇಲೆ ಒಬ್ಬ ಗಿರಾಕಿಗೆ ಮಾರಿ ತೋರಿಸಬೇಕು. "ಅವರು ಸರ್ಟಿಫಿಕೇಟ್ ನೋಡಂಗಿಲ್ಲ ಪಪ್ಪಾ. ಮೂಗು ನೋಡ್ತಾರ."

ಮುಂದಿನ ಶುಕ್ರವಾರ ರಜೆಯ ದಿನ ನಮ್ಮ ಊಟದ ಮೇಜು ಪರೀಕ್ಷೆಯ ಮೇಜಾಯಿತು. ಹೆಂಡತಿ ಹನ್ನೆರಡು ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ ಮನೆಯಲ್ಲಿದ್ದದ್ದನ್ನೆಲ್ಲ ಚಿಟಿಕೆ ಚಿಟಿಕೆ ಹಾಕಿಟ್ಟಳು. ಮಗಳ ಕಣ್ಣಿಗೆ ಓಢಣಿ ಕಟ್ಟಿದೆವು. ನಾನು ಒಂದೊಂದೇ ಬಟ್ಟಲನ್ನು ಅವಳ ಮೂಗಿನ ಹತ್ತಿರ ಹಿಡಿಯುವುದು, ಅವಳು ಹೇಳುವುದು.

ಜೀರಿಗೆ, ಅಜವಾನ, ಮೆಂತ್ಯ, ಲವಂಗ ಇವೆಲ್ಲ ಯಾರಾದರೂ ಹೇಳುವಂಥವೇ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದಾಗ ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಹೆಂಡತಿ ಕಣ್ಣು ಮಿಟುಕಿಸಿ ಮಸಾಲಿ ಖಾರದ ಬಟ್ಟಲು ಮುಂದೆ ಮಾಡಿದಳು. ಮಗಳು ಒಮ್ಮೆ ಉಸಿರು ಎಳೆದು, ಸ್ವಲ್ಪ ತಡೆದು, ಮತ್ತೊಮ್ಮೆ ಎಳೆದಳು.

"ಇದು ಮಮ್ಮಿ ಮಾಡಿದ್ದಲ್ಲ. ಅತ್ತಿ ಕಳಿಸಿದ್ದು. ಬಳ್ಳೊಳ್ಳಿ ಜಾಸ್ತಿ ಐತಿ. ಕೊಬ್ಬರಿ ಹಳೇದು."

ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಮೇಜಿನಿಂದ ಎದ್ದು, ಪರೀಕ್ಷೆ ಕಠಿಣವಾಗಲಿ ಎಂದು, ಬಾಗಿಲ ಹಿಂದೆ ನೇತುಹಾಕಿದ್ದ ನನ್ನ ಹೆಲ್ಮೆಟ್ ತಂದು ಅದರ ಪಟ್ಟಿಯನ್ನು ಅವಳ ಮೂಗಿಗೆ ಹಿಡಿದೆ. ಪಪ್ಪನ ಹೆಲ್ಮೆಟ್ ಎಂದಳು. ಅಷ್ಟಕ್ಕೇ ನಿಲ್ಲದೆ, "ನಿನ್ನೆ ನೀವು ಹೊರಗಡೆ ಕೆಲಸ ಮಾಡಿಲ್ಲ, ವರ್ಕ್‌ಶಾಪ್‌ನಾಗ ಇದ್ರಿ. ಗ್ರೀಸ್ ವಾಸನಿ ಐತಿ, ಬಿಸಿಲಿನ ವಾಸನಿ ಇಲ್ಲ," ಎಂದಳು. ಹಿಂದಿನ ದಿನ ನಾನು ನಿಜವಾಗಿಯೂ ವರ್ಕ್‌ಶಾಪಿನಲ್ಲಿದ್ದೆ. ಹದಿನೆಂಟು ವರ್ಷ ನಮ್ಮ ಮನೆಯಲ್ಲಿ, ನಮ್ಮ ತಟ್ಟೆಯಲ್ಲೇ ಉಂಡು ಬೆಳೆದ ಹುಡುಗಿ. ಅವಳ ಒಳಗೆ ಇಂಥದೊಂದು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ.

"ಈಗ ನೀವು ಕೂಡ್ರಿ," ಎಂದಳು ಹೆಂಡತಿ ಓಢಣಿ ಬಿಚ್ಚುತ್ತ. ನಗುನಗುತ್ತಲೇ ನನ್ನ ಕಣ್ಣಿಗೆ ಕಟ್ಟಿಬಿಟ್ಟಳು. ಬೇಡವೆಂದರೂ ಬಿಡಲಿಲ್ಲ. ಮೊದಲನೆಯ ಬಟ್ಟಲು ಬಂತು. ಜೀರಿಗೆ ಅಂದೆ. ಎರಡನೆಯದಕ್ಕೆ ಚಟ್ನಿ ಅಂದೆ. ಮೂರನೆಯದಕ್ಕೆ ಏನಂದೆನೋ ನೆನಪಿಲ್ಲ. ಓಢಣಿ ಸರಿಸಿ ನೋಡಿದರೆ ನಾನು ಜೀರಿಗೆ ಎಂದದ್ದು ಕಾಫಿಪುಡಿಯನ್ನು.

ಹೇಳಲೇಬೇಕಾಯಿತು. ಕೊರೊನಾ ಬಂದಾಗ ಎಲ್ಲರ ಹಾಗೆ ನನ್ನ ಮೂಗೂ ಸತ್ತಿತ್ತು. ಎಲ್ಲರದೂ ತಿರುಗಿ ಬಂತು, ನನ್ನದು ಬರಲಿಲ್ಲ. ಕಂಪನಿಯ ಡಾಕ್ಟರಿಗೆ ತಿಳಿಸಿದ್ದೆ. ಪ್ಲಾಂಟಿನಲ್ಲಿ ಗ್ಯಾಸ್ ಸೋರಿದ್ದನ್ನು ಕಂಡುಹಿಡಿಯುವುದು ಎದೆಗೆ ಸಿಕ್ಕಿಸಿಕೊಂಡ ಯಂತ್ರವೇ ಹೊರತು ಯಾರ ಮೂಗೂ ಅಲ್ಲ, ಹಾಗಾಗಿ ಕೆಲಸಕ್ಕೆ ತೊಂದರೆಯಾಗಲಿಲ್ಲ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಆಗ ಹೆಂಡತಿ ದಿನಾ ಅಳುತ್ತಿದ್ದಳು, ಅವಳ ಅಳು ನಿಲ್ಲಲಿ ಎಂದು, ಬಂತು ಬಂತು, ವಾಸನೆ ಬಂತು ಎಂದುಬಿಟ್ಟೆ. ಒಮ್ಮೆ ಹೇಳಿದ ಸುಳ್ಳನ್ನು ಹಿಂದೆ ತೆಗೆದುಕೊಳ್ಳುವ ದಾರಿ ಸಿಗಲಿಲ್ಲ. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಉಳಿದದ್ದಕ್ಕೆ ನಾಲ್ಕು ವರ್ಷ ಘಮಘಮ ಎಂದು ಹೊಗಳಿದ್ದೆ.

"ಹಂಗಾದ್ರ ಯುಗಾದಿಗೆ ಹೋಳಿಗಿ ಹೂರಣ ಸೀದು ಹೋಗಿತ್ತಲ್ಲ, ಅದನ್ನೂ ಘಮಘಮ ಅಂದ್ರಿ," ಎಂದಳು ಹೆಂಡತಿ. "ಅವತ್ತs ನನಗ ತಿಳೀಬೇಕಿತ್ತು. ನಾ ಏನ್ ತಿಳಕೊಂಡೆ? ಪಾಪ, ಗಂಡ ನನ್ನ ಮ್ಯಾಲಿನ ಪ್ರೀತಿಗೆ ಹೊಗಳಾಕತ್ತಾನ ಅಂತ!" ಬೈಯುತ್ತ ಬೈಯುತ್ತ ಕಣ್ಣು ಒರೆಸಿಕೊಂಡಳು.

ಆಗ ಮಗಳು, ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತ, "ನಂಗ ಗೊತ್ತಿತ್ತು," ಎಂದಳು.

ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ತಾಯಿ ಊರಿಗೆ ಹೋಗಿದ್ದ ತಿಂಗಳು, ಒಲೆಯ ಮೇಲಿಟ್ಟ ಹಾಲು ಬತ್ತಿ ಪಾತ್ರೆ ಕರಕಲಾಗುತ್ತಿತ್ತಂತೆ. ನಾನು ಮೂರು ಹೆಜ್ಜೆಯಾಚೆ ಕೂತು ಮೊಬೈಲ್ ನೋಡುತ್ತಿದ್ದೆನಂತೆ. ಅವಳು ಬಂದು ಒಲೆ ಆರಿಸಿ, ಕಿಟಕಿ ತೆರೆದು, ಪಾತ್ರೆ ಉಜ್ಜಿಟ್ಟು ಸುಮ್ಮನಾಗಿದ್ದಳು. ಅಂದಿನಿಂದ ಶಾಲೆಯ ಬಸ್ಸಿಗೆ ಹೊರಡುವ ಮುಂಚೆ ಒಲೆಯ ಕಿವಿ ತಿರುವಿ ನೋಡುವುದು ಅವಳೇ. ನಾನು ಚಹಾಕ್ಕೆ ಕೈಹಾಕುವ ಮೊದಲು ಹಾಲಿನ ಬಾಟಲಿ ಮೂಸಿ ಇಡುವುದು ಅವಳೇ. ಹಿಂದಿನ ದಿನದ ಪಲ್ಯ ಹಳಸಿದ್ದರೆ ನನ್ನ ಡಬ್ಬಿಯಿಂದ ತೆಗೆದು ಬೇರೆ ಹಾಕುತ್ತಿದ್ದವಳೂ ಅವಳೇ. ನಾಲ್ಕು ವರ್ಷ. ಒಂದು ಮಾತಿಲ್ಲ.

"ಹೇಳ್ಲಿಲ್ಲ ಯಾಕವ್ವಾ?" ಎಂದೆ.

"ನೀವು ಹೇಳಿರಲಿಲ್ಲಲ್ಲ," ಎಂದಳು.

ಅಲ್ಲಿಗೆ ನನ್ನ ಪಾಠ ಮುಗಿಯಿತು. ಉಳಿದ ದಿನಗಳಲ್ಲಿ ನಾನು ಮೇಷ್ಟ್ರ ಕುರ್ಚಿ ಬಿಟ್ಟು ಮೂಲೆಯಲ್ಲಿ ಕೂತು ನೋಡಿದೆ. ತಾಯಿ ಗಿರಾಕಿಯಾಗಿ ಸೊಂಟಕ್ಕೆ ಕೈಯಿಟ್ಟು ಬಂದು, ಇದು ಬೇಡ ಅದು ಬೇಡ, ಆಚೆ ಅಂಗಡಿಯಲ್ಲಿ ಅಗ್ಗ, ಎಂದು ಬೇಕಂತಲೇ ಪೀಡಿಸುತ್ತಿದ್ದಳು. ಮಗಳು ಎದುರು ವಾದಿಸುತ್ತಲೇ ಇರಲಿಲ್ಲ. ಕೇಳಿಸಿಕೊಂಡು, ತಾಯಿಯ ಕೈ ಯಾವ ಬಾಟಲಿಯ ಕಡೆಗೆ ಎರಡು ಸಲ ಹೋಯಿತೋ ಅದನ್ನೇ ಮುಂದೆ ಸರಿಸುತ್ತಿದ್ದಳು. ಅವಳು ಮಾತಾಡದೆ ಇರುವಾಗ ಏನು ಮಾಡುತ್ತಿರುತ್ತಾಳೆ ಎಂದು ನನಗೆ ಆಗ ಅರ್ಥವಾಗತೊಡಗಿತು. ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಅವಳು ಹೀಗೆಯೇ ನೋಡಿರಬೇಕು. ನನಗೆ ಅವಳ ಬಗ್ಗೆ ಒಂದು ಬಗೆಯ ಭಯವೇ ಆಯಿತು, ದೊಡ್ಡವರ ಮುಂದೆ ಆಗುವಂಥ ಭಯ.

ಇಂಟರ್‌ವ್ಯೂ ಗುರುವಾರ ಸಂಜೆ, ಫಹಾಹೀಲ್‌ನ ಮಾಲ್‌ನಲ್ಲಿ. ನಾನು ಕೆಲಸದಿಂದ ನೇರವಾಗಿ ಬಂದು ಅವಳನ್ನು ಕರೆದುಕೊಂಡು ಹೋದೆ. ಕಾರಿನಲ್ಲೇ ಇರ್ರಿ ಎಂದು ಹೇಳಿ ಅವಳು ಒಳಗೆ ಹೋದಳು. ಹತ್ತು ನಿಮಿಷವಾದ ಮೇಲೆ ಹಿಂದಿನ ಸೀಟಿನಲ್ಲಿ ಫೈಲ್ ಕಂಡಿತು. ಎಷ್ಟು ಬುದ್ಧಿ ಬಂದಿದ್ದರೇನು, ಮುಂಬೈಯ ಭಯ ಎಲ್ಲಿಗೆ ಹೋಗುತ್ತದೆ? ಸರ್ಟಿಫಿಕೇಟ್ ಇಲ್ಲದೆ ಸಾಹೇಬರ ಮುಂದೆ ನಿಂತ ಮಗಳು ಕಣ್ಣ ಮುಂದೆ ಬಂದಳು. ಫೈಲ್ ಎದೆಗವಚಿಕೊಂಡು, ಪ್ಲಾಂಟಿನ ಬೂಟಿನಲ್ಲೇ ಮಾಲ್‌ನ ಒಳಗೆ ಓಡಿದೆ.

ಅಂಗಡಿಯ ಬಾಗಿಲಲ್ಲಿ ಬಖೂರು ಎಂಬ ಧೂಪದ ಹೊಗೆ ಏಳುತ್ತಿತ್ತು. ನನಗೆ ಅದು ಬರೀ ಹೊಗೆ. ಒಳಗೆ ಮಗಳು ಕೌಂಟರಿನ ಈಚೆ ನಿಂತಿದ್ದಳು, ಆಚೆ ಈಜಿಪ್ಟಿನ ಮ್ಯಾನೇಜರು, ನರೆತ ಗಡ್ಡದವರು. ಅವರ ಮುಂದೆ ಮೂಸಿ ಮುಗಿಸಿದ ಕಾಗದದ ಪಟ್ಟಿಗಳು ಸಾಲಾಗಿದ್ದವು. ನನ್ನನ್ನು ನೋಡಿ ಅವರು ಹುಬ್ಬೇರಿಸಿದರು. ನನ್ನ ತಂದೆ ಎಂದಳು ಮಗಳು. ಮ್ಯಾನೇಜರು ನಕ್ಕು ಇಂಗ್ಲಿಷಿನಲ್ಲಿ, "ಒಳ್ಳೆಯದೇ ಆಯಿತು. ಯಲ್ಲಾ, ನಡಿ, ಇವರಿಗೆ ಒಂದು ಅತ್ತರು ಮಾರು ನೋಡೋಣ," ಎಂದರು.

ಮಗಳು ಅಭ್ಯಾಸದಂತೆ ಹೊಸ ಪಟ್ಟಿಯೊಂದನ್ನು ತೆಗೆದುಕೊಂಡಳು. ನನ್ನ ಮುಖ ನೋಡಿ ಅದನ್ನು ಕೆಳಗಿಟ್ಟಳು. ಕೆಲಸ ಕೆಡಿಸಲು ಎಲ್ಲ ಬಿಟ್ಟು ನಾನೇ ಬಂದೆನಲ್ಲ ಎಂದು ಬೆವರಿದೆ. ಅವಳು ನನ್ನ ಹತ್ತಿರ ಬಂದು, ಮೆಲ್ಲಗೆ, "ಪಪ್ಪಾ, ಇವರಿಗೆ ಹೇಳ್ಲ್ಯಾ?" ಎಂದಳು.

ತಲೆಯಾಡಿಸಿದೆ.

ಅವಳು ಮ್ಯಾನೇಜರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಸರ್, ಈ ಗಿರಾಕಿಗೆ ನಾಲ್ಕು ವರ್ಷದಿಂದ ವಾಸನೆ ತಿಳಿಯುವುದಿಲ್ಲ. ಪಟ್ಟಿ ಕೊಟ್ಟರೆ ಬಹಳ ಚೆನ್ನಾಗಿದೆ ಅನ್ನುತ್ತಾರೆ. ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ಆದ್ದರಿಂದ ಇವರನ್ನು ಕೇಳಿ ಪ್ರಯೋಜನವಿಲ್ಲ."

"ಹಾಗಾದರೆ ಇವರು ನಮ್ಮ ಗಿರಾಕಿಯೇ ಅಲ್ಲ," ಎಂದರು ಮ್ಯಾನೇಜರು. "ನಮಸ್ಕಾರ ಹೇಳಿ ಕಳಿಸಿಬಿಡು. ಖಲಾಸ್."

"ಇಲ್ಲ ಸರ್. ಬೇರೆಯವರಿಗೆ ಅತ್ತರು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇವರಿಗೆ ತಮ್ಮ ಮೈ ಹೇಗೆ ನಾರುತ್ತಿದೆ ಎಂದು ತಿಳಿಯುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡುತ್ತಾರೆ, ಬಂದ ತಕ್ಷಣ ಮತ್ತೆ ಮಾಡುತ್ತಾರೆ. ಕಂಪನಿಯ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಒಬ್ಬರೇ ಕೂರುತ್ತಾರೆ, ಪಕ್ಕದ ಸೀಟಿನಲ್ಲಿ ಚೀಲ ಇಡುತ್ತಾರೆ. ನಮ್ಮ ಬಾಲ್ಕನಿಯಿಂದ ನನಗೆ ಕಾಣುತ್ತದೆ. ಮೊದಲು ಮುಂದಿನ ಸೀಟಿನಲ್ಲಿ ಗೆಳೆಯರ ಜೊತೆ ಕೂರುತ್ತಿದ್ದರು. ಇವರಿಗೆ ಹೆದರಿಕೆ."

ನನ್ನ ಕೈಯಲ್ಲಿದ್ದ ಫೈಲ್ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲೂ ನನಗೆ ತೋಚಲಿಲ್ಲ. ಆ ಹೆದರಿಕೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೂಗಿನ ಗುಟ್ಟು ಬಯಲಾದ ಶುಕ್ರವಾರವೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

ಮಗಳು ಆಗಲೇ ಕಪಾಟಿನ ಕಡೆ ನಡೆದಿದ್ದಳು. ಅಗರಿನ ಊದ್ ಬೇಡ, ಬಸ್ಸಿನ ಸೆಕೆಯಲ್ಲಿ ಅದು ಬೇರೆಯವರಿಗೆ ತಲೆನೋವು ತರುತ್ತದೆ. ಗುಲಾಬಿ ಬೇಡ, ಮನೆಯಲ್ಲಿ ತಾಯಿಗೆ ಆಗುವುದಿಲ್ಲ. ಸಣ್ಣದೊಂದು ಬಾಟಲಿ ತೆಗೆದು, ನನ್ನ ಎರಡೂ ಮಣಿಕಟ್ಟಿಗೆ ಒಂದೊಂದು ಸಲ ಒತ್ತಿದಳು. ನನಗೆ ತಣ್ಣಗೆ ಹತ್ತಿದ್ದಷ್ಟೇ ತಿಳಿಯಿತು. "ಇದು ತೊಳೆದ ಬಟ್ಟೆಯ ಹಾಗೆ ಇರುತ್ತದೆ ಸರ್. ಶಿಫ್ಟ್ ಮುಗಿಯುವವರೆಗೆ ನಿಲ್ಲುತ್ತದೆ. ದಿನಕ್ಕೆ ಎರಡೇ ಸಲ ಒತ್ತಬೇಕು ಎಂದು ನಾನು ಡಬ್ಬಿಯ ಮೇಲೆ ಬರೆದುಕೊಡುತ್ತೇನೆ. ಹೆಚ್ಚಾದರೆ ಇವರಿಗೆ ಗೊತ್ತಾಗುವುದಿಲ್ಲವಲ್ಲ."

ಮ್ಯಾನೇಜರು ಕೌಂಟರು ದಾಟಿ ಬಂದು, ಬಗ್ಗಿ, ನೆಲದ ಮೇಲಿನ ಫೈಲ್ ಎತ್ತಿ, ತೆರೆಯದೆಯೇ ನನ್ನ ಕೈಗಿಟ್ಟರು. ಮಗಳಿಗೆ, "ಭಾನುವಾರ ಬಾ. ಹತ್ತು ಗಂಟೆಗೆ," ಎಂದರು.

ಕಾರಿನಲ್ಲಿ ಅವಳು ತಾಯಿಗೆ ಫೋನ್ ಮಾಡಿದಳು. ಆ ಕಡೆಯ ಕೂಗು ನನಗೂ ಕೇಳಿಸಿತು. ಹುಬ್ಬಳ್ಳಿಗೆ ತಿಳಿಸ್ರಿ, ಕೋಣೆ ಖಾಲಿನೇ ಇರ್ಲಿ ಎಂದು ಹೆಂಡತಿ ಹೇಳುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ನನ್ನ ಕಡೆ ನೋಡಿದಳು.

"ಪಪ್ಪಾ, ಸಿಟ್ಟು ಬಂತೇನು?"

"ಇಲ್ಲವ್ವಾ. ನಾ ಅಂಜತೀನಿ ಅನ್ನೂದು ನಿನಗ ಹ್ಯಾಂಗ ತಿಳೀತು? ಬಸ್ಸಿನಾಗ ಹಿಂದ ಕೂಡೂದಕ್ಕ ನೂರು ಕಾರಣ ಇರ್ತಾವು."

ಅವಳು ಸೀಟ್ ಬೆಲ್ಟನ್ನು ಎಳೆಯುತ್ತ ಬಿಡುತ್ತ ಕೂತಳು. "ದಿನಾ ಮುಂಜಾನೆ ನೀವು ಅಂಗಿ ತೊಟ್ಕೊಂಡು ನನ್ನ ಬಾಜೂಕ ಬಂದು ನಿಂದ್ರತಿದ್ರಿ. ನಾ ಶೂ ಕಟ್ಕೊಳ್ಳೂವಾಗ. ಸುಮ್ಮನ ನಿಂತು ನನ್ನ ಮಾರಿ ನೋಡ್ತಿದ್ರಿ. ನಾ ಮಾರಿ ತಿರುವಲಿಲ್ಲಂದ್ರ ಬಸ್ಸಿಗೆ ಹೋಗ್ತಿದ್ರಿ."

ನಿಜ. ನಾಲ್ಕು ವರ್ಷ ಹಾಗೆ ನಿಂತಿದ್ದೆ. ಮಲಗಿದ ಹೆಂಡತಿಯನ್ನು ಎಬ್ಬಿಸಿ ಕೇಳಲಾಗದೆ, ಮಾತಾಡದ ಮಗಳು ಏನೂ ತಿಳಿಯದವಳು ಎಂದುಕೊಂಡು ಅವಳ ಪಕ್ಕ ನಿಲ್ಲುತ್ತಿದ್ದೆ.

"ಎರಡು ಸಲ ನಾ ಮಾರಿ ತಿರುವಿದ್ದೆ," ಎಂದಳು. "ಎರಡೂ ಸಲ ಹೋಗಿ ಅಂಗಿ ಬದಲು ಮಾಡಿದ್ರಿ. ಅವಾಗ ಗೊತ್ತಾತು." ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆಯತೊಡಗಿದರು. "ನಾ ಹುಬ್ಬಳ್ಳಿಗೆ ಹೋಗಿದ್ರ ನೀವು ಯಾರ ಬಾಜೂಕ ನಿಂದ್ರತಿದ್ರಿ?"

ನಾನು ಗೇರ್ ಹಾಕುವುದನ್ನೂ ಮರೆತು ಕೂತಿದ್ದೆ. "ಅದಕ್ಕs ಇಲ್ಲೇ ಉಳದಿ ಏನವ್ವಾ?" ಎಂದೆ.

"ಅದಕ್ಕೂ," ಎಂದಳು. "ಅತ್ತರೂ ಇಷ್ಟ ಐತಿ. ಯಲ್ಲಾ ಪಪ್ಪಾ, ಹಿಂದಿನವರು ಬೈಯಾಕತ್ತಾರ."

ಭಾನುವಾರ ಬೆಳಿಗ್ಗೆ ಅವಳು, ಹೊರಡಲು ಇನ್ನೂ ಹೊತ್ತಿದ್ದರೂ, ಹೊಸ ಕಪ್ಪು ಶೂ ಕಟ್ಟಿಕೊಳ್ಳುವಾಗ ನಾನು ಅಂಗಿ ತೊಟ್ಟು ಪಕ್ಕಕ್ಕೆ ಹೋಗಿ ನಿಂತು, ಮೊದಲ ಸಲ ಬಾಯಿಬಿಟ್ಟು, ನಾರಾಕತ್ತೀನೇನವ್ವಾ ಎಂದು ಕೇಳಿದೆ. ಅವಳು ತಲೆಯೆತ್ತಿ ಒಮ್ಮೆ ಉಸಿರೆಳೆದು, ಇವತ್ತು ಬಸ್ಸಿನ ಮುಂದಿನ ಸೀಟಿನಲ್ಲಿ ಕೂಡ್ರಿ ಎಂದಳು. ಕೂತೆ.